ಹುಡುಕಿದ ಕೂಲಿ 700, ವೈರ್‌ಗೆ 10: ಉದ್ಯಮಬಾಗದ ಬೋರ್ಡಿಲ್ಲದ ಆಟೊ ಎಲೆಕ್ಟ್ರಿಕ್ ಅಂಗಡಿ

ಸ್ಟಾರ್ಟ್ ಆಗದೆ ನಿಂತ ನನ್ನ ಹಳೇ ಕಾರನ್ನು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಂದು ಅಂಗಡಿಯಲ್ಲಿ ರಿಪೇರಿ ಮಾಡಿಸಿದ ಕತೆ ಇದು. ಮೊದಲು ಬಿಲ್ಲು ಹೇಳಿಬಿಡುತ್ತೇನೆ. ತೊಂದರೆ ಎಲ್ಲಿ ಅಂತ ಹುಡುಕಿದ ಕೂಲಿ 700 ರೂಪಾಯಿ. ಅರ್ಥಿಂಗ್ ಪಟ್ಟಿ 250. ಒಂದು ಗೇಣು ವೈರು 10. ಒಟ್ಟು 960. ಬಿಲ್ಲು ಅಂದರೆ ಹೋದ ವರ್ಷದ ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ಸಿಲ್ಲಿನಲ್ಲಿ ಗೀಚಿದ ಮೂರು ಸಾಲು, ಅಷ್ಟೇ. ಅಂಗಡಿ ಹೆಸರಿಲ್ಲ, ಸೀಲಿಲ್ಲ.

ಇದೇ ತೊಂದರೆಗೆ, ಅಲ್ಲಿಗೆ ಹೋಗುವ ಮುಂಚೆ, ನಾನು ಸುರಿದದ್ದು 11,340. ಅದರ ಲೆಕ್ಕವೂ ನನ್ನ ಡೈರಿಯಲ್ಲಿದೆ. ಹೊಸ ಬ್ಯಾಟರಿ 4,800. ಪ್ಲಗ್ಗಿನ ಕಿಡಿಗೆ ಕರೆಂಟ್ ಕೊಡುವ ಕಾಯಿಲ್ 1,150. ಆ ಕಾಯಿಲ್ಲಿನ ಕರೆಂಟನ್ನು ಕಡಿದು ಜೋಡಿಸುವ ಪಾಯಿಂಟ್ ಮತ್ತು ಅದರ ಜೊತೆಯ ಕಂಡೆನ್ಸರ್ 620. ನಾಲ್ಕು ಪ್ಲಗ್ 640. ಪ್ಲಗ್ ವೈರ್ ಸೆಟ್ 780. ಕಿಡಿಯನ್ನು ನಾಲ್ಕೂ ಪ್ಲಗ್ಗಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್, ರೋಟರ್ ಸೇರಿ 850. ಪೆಟ್ರೋಲ್ ಪಂಪಿನ ಕಿಟ್ 900. ಪೀರನವಾಡಿಯಿಂದ ಟೋಚನ್ ಮಾಡಿ, ಅಂದರೆ ಬೇರೆ ಗಾಡಿಗೆ ಕಟ್ಟಿ ಎಳೆದು, ತಂದದ್ದಕ್ಕೆ 1,600. ಇಷ್ಟಾದ ಮೇಲೂ ಗಾಡಿ ಸ್ಟಾರ್ಟ್ ಆಗಲಿಲ್ಲ.

ಗಾಡಿ 1989ರ ಪ್ರೀಮಿಯರ್ ಪದ್ಮಿನಿ. ನಮ್ಮ ಬೆಳಗಾವಿಯಲ್ಲಿ ಅದಕ್ಕೆ ಯಾರೂ ಪದ್ಮಿನಿ ಅನ್ನುವುದಿಲ್ಲ, ಫಿಯೆಟ್ ಅಂತಲೇ ಕರೆಯುವುದು. 1089 ಸಿಸಿ ಪೆಟ್ರೋಲ್ ಎಂಜಿನ್, ಗೇರ್ ಕಡ್ಡಿ ಸ್ಟಿಯರಿಂಗ್ ಪಕ್ಕದಲ್ಲಿ. ಬೈಲಹೊಂಗಲದ ಒಂದು ಹತ್ತಿ ಗೋಡೌನಿನ ಮೂಲೆಯಲ್ಲಿ ಏಳು ವರ್ಷ ನಿಂತಿತ್ತು. ಸೀಟಿನೊಳಗೆ ಇಲಿ ಮರಿ ಹಾಕಿದ್ದವು. 55 ಸಾವಿರ ಕೊಟ್ಟು ತಂದೆ. ಮನೆಯಲ್ಲಿ 35 ಅಂತ ಹೇಳಿದ್ದೇನೆ, ಇದನ್ನು ಓದುವ ನೆಂಟರು ಯಾರಾದರೂ ಇದ್ದರೆ ದಯವಿಟ್ಟು ಸುಮ್ನೆ ಇರಿ.

ನನ್ನ ಕೆಲಸ ಉದ್ಯಮಬಾಗದಲ್ಲೇ. ಎರಡು ಲೇಥು, ಒಂದು ಹಳೇ ಸಿಎನ್‌ಸಿ ಇಟ್ಟುಕೊಂಡು ಜಾಬ್ ವರ್ಕ್ ಮಾಡುತ್ತೇನೆ. ಮೈಕ್ರೋಮೀಟರ್ ಹಿಡಿದು ಮಿಲಿಮೀಟರಿನ ನೂರನೇ ಒಂದು ಪಾಲು ಅಳೆಯುವುದು ನನಗೆ ದಿನದ ಕೆಲಸ. ಹಾಗಾಗಿ ಗಾಡಿಯ ತುಕ್ಕು, ಬ್ರೇಕು, ಬಾಗಿಲು, ಎಲ್ಲ ನಾನೇ ಮಾಡಿದೆ. ಬಾನೆಟ್ ಒಳಗೆ ಪೂರ್ತಿ ಕೆರೆದು, ಪ್ರೈಮರ್ ಹೊಡೆದು, ಎರಡು ಕೋಟ್ ಪೇಂಟು ಕೊಟ್ಟೆ. ಎಂಜಿನ್ನಿಗೂ ಬೂದು ಬಣ್ಣ ಹೊಡೆದೆ. ಕನ್ನಡಿ ಹಾಗೆ ಹೊಳೆಯುತ್ತಿತ್ತು. ಈ ಪೇಂಟಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಇದಕ್ಕೇ ಬೈಸಿಕೊಳ್ಳುವುದಿದೆ. ಕರೆಂಟಿನ ವಿಷಯ ಮಾತ್ರ ನನಗೆ ಅಷ್ಟಕ್ಕಷ್ಟೇ. ಕಬ್ಬಿಣ ಕಣ್ಣಿಗೆ ಕಾಣುತ್ತದೆ, ಕರೆಂಟ್ ಕಾಣುವುದಿಲ್ಲ, ಅಲ್ವಾ.

ಪೇಂಟ್ ಆದಮೇಲೆ ಸುಮಾರು ಎರಡು ತಿಂಗಳು ಗಾಡಿ ಓಡಿತು. ಆದರೆ ಸೆಲ್ಫ್ ಹೊಡೆದಾಗ ಎತ್ತಿನ ಗಾಣದ ಹಾಗೆ ಎಂಜಿನ್ ನಿಧಾನ ತಿರುಗುತ್ತಿತ್ತು. ಹಳೇ ಗಾಡಿ, ಹಳೇ ಬ್ಯಾಟರಿ ಅಂದುಕೊಂಡು ಬಿಟ್ಟೆ. ಜುಲೈನಲ್ಲಿ ಒಂದು ಭಾನುವಾರ ಖಾನಾಪುರಕ್ಕೆ ಹೋಗೋಣ ಅಂತ ಹೊರಟೆವು. ಪೀರನವಾಡಿ ದಾಟುವಷ್ಟರಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ಬಂದ್ ಆಯಿತು. ಮತ್ತೆ ಚಾಲೂ ಆಗಲೇ ಇಲ್ಲ.

ಆಮೇಲೆ ಶುರುವಾಯಿತು ನೋಡಿ ಸಲಹೆ. ಬೆಳಗಾವಿ ಮಳೆಗಾಲ ಎಂಥದ್ದು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಒಗೆದ ಬಟ್ಟೆ ನಾಲ್ಕು ದಿನ ಒಣಗುವುದಿಲ್ಲ. ಹಾಗಾಗಿ ಮೊದಲ ಸಲಹೆ, ‘ಕ್ಯಾಪಿಗೆ ತಂಪು ಹಿಡಿದಿದೆ.’ ಕ್ಯಾಪ್ ಬದಲಿಸಿದೆ. ‘ಬ್ಯಾಟರಿ ಹೋಗಿದೆ.’ ಬದಲಿಸಿದೆ. ‘ಕಾಯಿಲ್ ಬಿಸಿಯಾಗಿ ಸತ್ತಿದೆ.’ ಅದನ್ನೂ ಬದಲಿಸಿದೆ. ಒಂದು ಗ್ಯಾರೇಜಿನವರು ಬಂದು ಪ್ಲಗ್ ಬಿಚ್ಚಿ ಮೂಸಿ ನೋಡಿ, ಪಿಸ್ಟನ್ನಿನ ರಿಂಗ್ ಹೋಗಿವೆ, ಎಂಜಿನ್ ಇಳಿಸಬೇಕು, 38 ಸಾವಿರ ಆಗುತ್ತದೆ ಅಂದರು. ಆ ಗ್ಯಾರೇಜ್ ಯಾವುದು ಅಂತ ಕೇಳಬೇಡಿ, ಹೇಳುವುದಿಲ್ಲ. ಇನ್ನೂ ಅದೇ ರಸ್ತೆಯಲ್ಲಿ ನಾನು ಓಡಾಡಬೇಕು.

ಹಳೇ ಫಿಯೆಟ್ ಇಟ್ಟುಕೊಂಡವರಿಗೆ ಒಂದು ಚಟ ಇರುತ್ತದೆ. ಪಾರ್ಟು ಸಿಕ್ಕ ಕೂಡಲೇ ಕೊಂಡುಬಿಡುವುದು. ಯಾಕೆಂದರೆ ನಾಳೆ ಸಿಗುತ್ತೋ ಇಲ್ಲವೋ. ಈ ಗಾಡಿ ಹುಟ್ಟಿದ್ದು ಮುಂಬೈನ ಕುರ್ಲಾದಲ್ಲಿ, ಜಾಸ್ತಿ ಉಳಿದದ್ದೂ ಮುಂಬೈನ ಕಪ್ಪು ಹಳದಿ ಟ್ಯಾಕ್ಸಿಗಳಾಗಿ. ಅವುಗಳಲ್ಲಿ ಕೊನೆಯದು 2023ರ ಅಕ್ಟೋಬರ್ ಕೊನೆಯಲ್ಲಿ, 20 ವರ್ಷದ ಅವಧಿ ಮುಗಿದು ರಸ್ತೆಯಿಂದ ಇಳಿಯಿತು. ಈಗ ಒಂದು ಪಾಯಿಂಟ್ ಸೆಟ್ಟಿಗೂ ನಾಲ್ಕು ಫೋನ್ ಮಾಡಬೇಕು. ಹಾಗಾಗಿ ಪಾರ್ಟು ಕೈಗೆ ಬಂತು ಅಂದರೆ ರೋಗ ಅದೇ ಇರಬೇಕು ಅಂತ ಮನಸ್ಸು ತಾನೇ ಒಪ್ಪಿಕೊಂಡುಬಿಡುತ್ತದೆ.

ಕೊನೆಗೆ ನಮ್ಮ ಶಾಪಿಗೆ ಹಿತ್ತಾಳೆ ಬುಶ್ ಮಾಡಿಸಲು ಬರುವ ಒಬ್ಬ ಗಿರಾಕಿ ಈ ಅಂಗಡಿಯ ದಾರಿ ತೋರಿಸಿದ. ನನ್ನ ಶಾಪಿನಿಂದ ಮೂರು ಓಣಿ ಆಚೆ! ಹನ್ನೆರಡು ವರ್ಷದಿಂದ ಅದರ ಮುಂದೆಯೇ ಓಡಾಡಿದ್ದೇನೆ. ಪತ್ರಾಸಿನ ಶೆಡ್ಡು, ಒಂದೇ ಗಾಡಿ ನಿಲ್ಲುವಷ್ಟು ಜಾಗ, ಹೊರಗೆ ಡೈನಮೋಗಳ ರಾಶಿ. ಗುಜರಿ ಅಂಗಡಿ ಅಂದುಕೊಂಡಿದ್ದೆ. ಒಳಗೆ ಎಪ್ಪತ್ತರ ಹತ್ತಿರದ ಒಬ್ಬ ಹಿರಿಯರು. ಎಲ್ಲರೂ ಕಾಕಾ ಅನ್ನುತ್ತಾರೆ, ನಾನೂ ಹಾಗೇ ಕರೆದೆ. ಹುಡುಗರು ಯಾರೂ ಕೆಲಸಕ್ಕಿಲ್ಲ.

ನಮ್ಮ ಶಾಪಿನ ನಾಲ್ಕು ಹುಡುಗರು ಗಾಡಿ ತಳ್ಳಿಕೊಂಡು ಹೋಗಿ ನಿಲ್ಲಿಸಿದರು. ಕಾಕಾ ಬಾನೆಟ್ ಕೂಡ ಎತ್ತಲಿಲ್ಲ. ಮೊದಲು ರೇಟು ಹೇಳಿದರು.

“ಹುಡಕಾಕ ಏಳ್ನೂರು. ಸಾಮಾನು ಬ್ಯಾರೆ. ಸಿಗಲಿಲ್ಲಂದ್ರ ಒಂದ್ ರೂಪಾಯಿ ಬ್ಯಾಡ. ಒಪ್ಪಿಗಿ ಐತೇನು?”

ಈ ಏಳ್ನೂರರ ಬಗ್ಗೆ ಊರಲ್ಲಿ ಗೊಣಗಾಟ ಇದೆ. ನಾನಿದ್ದಾಗಲೇ ಒಬ್ಬರು ಟೆಂಪೊದವರು ‘ಏನೂ ಬಿಚ್ಚದೆ ಕೂಲಿ ಎಂಥದು’ ಅಂತ ಜಗಳ ತೆಗೆದು ಹೊರಟುಹೋದರು. ನನಗೆ ಮಾತ್ರ ಅದು ಸರಿ ಅನ್ನಿಸಿತು. ನಮ್ಮ ಕಸುಬಿನಲ್ಲೂ ಇದೇ ಗೋಳು. ಐದು ಪೀಸ್ ಕೆಲಸ ತಂದು, ಪೀಸಿಗೆ ಇಷ್ಟು ಅಂತ ರೇಟು ಕೇಳುತ್ತಾರೆ. ಆ ಐದು ಪೀಸ್ ಮಾಡಲು ಮಶೀನಿನ ಸೆಟ್ಟಿಂಗಿಗೇ ಮೂರು ತಾಸು ಹಿಡಿದಿರುತ್ತದೆ. ಸೆಟ್ಟಿಂಗ್ ಚಾರ್ಜ್ ಅಂದ ಕೂಡಲೇ ಮುಖ ಸೊಟ್ಟಗೆ. ಕಾಕಾ ಅದನ್ನು ಮೊದಲೇ, ಬಾಯಿಬಿಟ್ಟು ಹೇಳುತ್ತಾರೆ. ನಾನೂ ಕಲಿಯಬೇಕು.

ಒಪ್ಪಿದೆ. ಆಮೇಲೂ ಅವರು ಬಾನೆಟ್ ಎತ್ತಲಿಲ್ಲ. ಸ್ಟೂಲ್ ಮೇಲೆ ಕೂತು ನನ್ನನ್ನೇ ಪ್ರಶ್ನೆ ಕೇಳಿದರು.

“ಬ್ಯಾಟರಿ ಯಾವಾಗ ಹಾಕ್ಸಿದಿ?”

“ಹೋದ ತಿಂಗಳ್ರಿ.”

“ಯಾಕ?”

“ಸೆಲ್ಫ್ ಭಾಳ ಸ್ಲೋ ತಿರಗತಿತ್ರಿ, ಅದಕ್ಕ.”

“ಮತ್ತ ಈಗ ಜೋರ ತಿರಗತೈತೇನು?”

“ಇಲ್ರಿ, ಹಂಗs ಐತಿ.”

“ಹಂಗಾರ ಹಳೇ ಬ್ಯಾಟರಿ ಏನ ಪಾಪ ಮಾಡಿತ್ತೊ ತಮ್ಮಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಪೀರನವಾಡಿಯಲ್ಲಿ ನಿಂತಾಗ ಕೆಮ್ಮಿ ನಿಂತಿತೋ, ಫಕ್ಕನೆ ಸ್ವಿಚ್ ಆರಿಸಿದ ಹಾಗೆ ನಿಂತಿತೋ ಅಂತ ಕೇಳಿದರು. ಗುಂಡಿಗೆ ಬಿದ್ದಾಗ ನಿಂತಿತೋ, ಏರಿನಲ್ಲೋ? ಪೇಂಟ್ ಯಾವಾಗ ಹೊಡೆದದ್ದು? ಅದಕ್ಕೂ ಮುಂಚೆ ಸೆಲ್ಫ್ ಹೇಗಿತ್ತು? ಕೊನೆಯ ಪ್ರಶ್ನೆಗೆ ಯೋಚಿಸಿ ಹೇಳಿದೆ. ಮುಂಚೆ ಚೆನ್ನಾಗಿಯೇ ತಿರುಗುತ್ತಿತ್ತು. ಆಗ ಒಂದು ಸಲ ‘ಹೂಂ’ ಅಂದರು. ಇಷ್ಟಕ್ಕೆ ಇಪ್ಪತ್ತು ನಿಮಿಷ ಹೋಯಿತು, ನಡುವೆ ಒಂದು ಚಹಾ.

ಎಂಜಿನ್ ಸತ್ತಿದೆ ಅನ್ನುವ ಮಾತನ್ನು ಅವರು ಒಂದು ನಿಮಿಷದಲ್ಲಿ ತೀರಿಸಿದರು. ನಾಲ್ಕೂ ಪ್ಲಗ್ ಬಿಚ್ಚಿಸಿ, ತೂತಿಗೆ ಹೆಬ್ಬೆರಳು ಒತ್ತಿ ಹಿಡಿಯಲು ನನಗೇ ಹೇಳಿ, ಸೆಲ್ಫ್ ಹೊಡೆದರು. ಗಾಳಿ ನನ್ನ ಬೆರಳನ್ನು ಫಟ್ ಅಂತ ಒದ್ದು ಕಿತ್ತಿತು. ನಾಲ್ಕಕ್ಕೂ ಹಾಗೇ. “ಬಟ್ಟು ಒದೀತಂದ್ರ ಎಂಜಿನ್ ಜೀವಂತ ಐತಿ. ಮೂವತ್ತೆಂಟ್ ಸಾವಿರ ಬ್ಯಾಂಕಿನ್ಯಾಗ ಇಡು.” ಹೊಸ ಎಂಜಿನ್ನಿನ ಜೋರು ಇದೆಯೋ ಇಲ್ಲವೋ ಬೆರಳಿಗೆ ಗೊತ್ತಾಗುವುದಿಲ್ಲ, ಅದಕ್ಕೆ ಗೇಜ್ ಬೇಕು. ಆದರೆ ಸ್ಟಾರ್ಟ್ ಆಗುವಷ್ಟು ಇದೆಯೋ ಇಲ್ಲವೋ ಗೊತ್ತಾಗುತ್ತದೆ. ನಮಗೆ ಬೇಕಾದದ್ದೂ ಅಷ್ಟೇ.

ಪ್ಲಗ್ ವಾಪಸ್ ಹಾಕುವ ಮುಂಚೆ ಅದರ ಗ್ಯಾಪಿನಲ್ಲಿ ಒಂದು ತುಂಡು ಹ್ಯಾಕ್ಸಾ ಬ್ಲೇಡ್ ಆಡಿಸಿ ನೋಡಿದರು. ನನಗೆ ನಗು ಬಂತು. ಜೇಬಿನಲ್ಲಿದ್ದ ಮೈಕ್ರೋಮೀಟರ್ ತೆಗೆದು ಆ ಬ್ಲೇಡ್ ಅಳೆದೆ. 0.64 ಮಿಲಿಮೀಟರ್. ಪ್ಲಗ್ಗಿಗೆ ಬೇಕಾದದ್ದು ಸುಮಾರು 0.6. ಮೈಕ್ರೋಮೀಟರ್ ಸುಮ್ನೆ ಜೇಬಿಗೆ ಹಾಕಿಕೊಂಡೆ.

ಈಗ ಸೆಲ್ಫಿನ ಸರದಿ. ನನ್ನನ್ನು ಚಾವಿ ತಿರುಗಿಸಲು ಕೂರಿಸಿ, ಹತ್ತು ಸೆಕೆಂಡಿನ ಹಾಗೆ ಎರಡು ಸಲ ಹೊಡೆಯಿಸಿದರು. ಆಮೇಲೆ ಬಾನೆಟ್ ಹತ್ತಿರ ಕರೆದು, ಚೋಕಿನ ಕೇಬಲ್ ಮುಟ್ಟು ಅಂದರು. ಮುಟ್ಟಿದೆ. ಚಹಾದ ಲೋಟದಷ್ಟು ಬಿಸಿ! ಚೋಕ್ ಕೇಬಲ್ ಅಂದರೆ ಬರೀ ಎಳೆಯುವ ತಂತಿ. ಅದಕ್ಕೂ ಕರೆಂಟಿಗೂ ಏನು ಸಂಬಂಧ?

ಸಂಬಂಧ ಇಷ್ಟು. ಬ್ಯಾಟರಿಯ ಮೈನಸ್ ಗಾಡಿಯ ಬಾಡಿಗೆ ಕಟ್ಟಿರುತ್ತದೆ. ಎಂಜಿನ್ ಕೂತಿರುವುದು ರಬ್ಬರ್ ಮೇಲೆ. ಹಾಗಾಗಿ ಎಂಜಿನ್ನಿನಿಂದ ಬಾಡಿಗೆ ಒಂದು ದಪ್ಪ ತಾಮ್ರದ ಜಡೆ ಪಟ್ಟಿ ಇರುತ್ತದೆ, ಅದೇ ಅರ್ಥಿಂಗ್. ಸೆಲ್ಫ್ ಎಳೆಯುವ ನೂರಕ್ಕೂ ಮೇಲ್ಪಟ್ಟ ಆಂಪಿಯರ್ ಎಲ್ಲ ಆ ಪಟ್ಟಿಯ ಮೇಲೇ ವಾಪಸ್ ಬರಬೇಕು. ನಾನು ಏನು ಮಾಡಿದ್ದೆ? ಆ ಪಟ್ಟಿ ಬಿಚ್ಚಿ, ಅದರ ಕೆಳಗಿನ ಜಾಗಕ್ಕೂ ಪ್ರೈಮರ್, ಎರಡು ಕೋಟ್ ಪೇಂಟು ಹೊಡೆದು, ಅದರ ಮೇಲೆ ಬೋಲ್ಟ್ ಬಿಗಿದಿದ್ದೆ. ಎರಡೂ ಕಡೆ. ಕರೆಂಟಿಗೆ ದಾರಿ ಸಾಲದೆ ಚೋಕ್ ಕೇಬಲ್, ಎಕ್ಸಿಲೇಟರ್ ತಂತಿ ಹಿಡಿದುಕೊಂಡು ಮನೆಗೆ ಹೋಗುತ್ತಿತ್ತು. ಕೆಲವು ಗಾಡಿಗಳಲ್ಲಿ ಕೇಬಲ್ಲಿನ ಪ್ಲಾಸ್ಟಿಕ್ ಕರಗಿ ಹೊಗೆ ಬಂದದ್ದೂ ಇದೆಯಂತೆ.

ಕಾಕಾ ಒಂದು ಜಂಪರ್ ಕೇಬಲ್ ತೆಗೆದುಕೊಂಡು, ಬ್ಯಾಟರಿ ಮೈನಸ್ಸಿನಿಂದ ಸೀದಾ ಎಂಜಿನ್ನಿನ ಬರಿ ಕಬ್ಬಿಣಕ್ಕೆ ಹಿಡಿದರು. ಹೊಡಿ ಅಂದರು. ಗರಗರ ಅಂತ ತಿರುಗಿತು. ಪೇಂಟ್ ಹೊಡೆದ ಮೇಲೆ ಆ ಸದ್ದು ನಾನು ಕೇಳಿರಲೇ ಇಲ್ಲ.

“ಎಷ್ಟ ಚಂದ ಪೇಂಟ್ ಹೊಡದಿ ತಮ್ಮಾ. ಮದವಿ ಮನಿ ಹಂಗ ಮಾಡಿಟ್ಟಿ. ಕರೆಂಟ್ ಒಳಗ ಹ್ಯಾಂಗ ಬರಬೇಕು?”

ನನ್ನದೂ ಒಂದು ಮಾತು. ನಾನು ಈ ಅರ್ಥಿಂಗನ್ನು ಮನೆಯಲ್ಲಿ ಡಿಜಿಟಲ್ ಮೀಟರಿನಿಂದ ಅಳೆದಿದ್ದೆ! ಓಮ್ ಸ್ಕೇಲಿಗೆ ಹಾಕಿದಾಗ 0.3 ತೋರಿಸಿತ್ತು. ಮೀಟರಿನ ಎರಡೂ ಕಡ್ಡಿ ಒಂದಕ್ಕೊಂದು ಮುಟ್ಟಿಸಿದರೂ 0.3 ತೋರಿಸುತ್ತಿತ್ತು. ಹಾಗಾಗಿ ಸರಿಯಿದೆ ಅಂದುಕೊಂಡೆ. ತಪ್ಪು ಎಲ್ಲಿ ಅಂತ ಅಲ್ಲಿ ಕೂತಾಗ ಹೊಳೆಯಿತು. ಆಗಲೇ ಮೀಟರ್ ತಂದು, ವೋಲ್ಟಿಗೆ ಹಾಕಿ, ಒಂದು ಕಡ್ಡಿ ಬ್ಯಾಟರಿಯ ಮೈನಸ್ ಗುಬ್ಬಿಗೆ, ಇನ್ನೊಂದು ಎಂಜಿನ್ನಿಗೆ ಹಿಡಿದು, ಜಂಪರ್ ತೆಗೆಸಿ ಸೆಲ್ಫ್ ಹೊಡೆಯಿಸಿದೆ. 2.7 ವೋಲ್ಟ್. ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕಾದ ಜಾಗ ಅದು. ಸೆಲ್ಫ್ 130 ಆಂಪಿಯರ್ ಎಳೆಯುತ್ತದೆ ಅಂತ ಇಟ್ಟುಕೊಂಡರೆ, ಅಡ್ಡಿ ಬರೀ 0.02 ಓಮ್. ನನ್ನ ಮೀಟರಿನ ಓಮ್ ಸ್ಕೇಲಿಗೆ ಅದು ಕಾಣುವ ಮಾತೇ ಇಲ್ಲ. ಸೆಲ್ಫ್ ತಿರುಗುವಾಗ ಅಳೆದರೆ ಮಾತ್ರ ಸಿಕ್ಕಿಬೀಳುತ್ತದೆ. ಕಾಯಿಲ್ಲಿಗೂ ಅದೇ ಎಂಜಿನ್ನೇ ಅರ್ಥ್ ಆದ್ದರಿಂದ ಸ್ಟಾರ್ಟ್ ಮಾಡುವ ಹೊತ್ತಿಗೆ ಕಾಯಿಲ್ಲಿಗೂ ಆ 2.7 ಖೋತಾ.

ಪಟ್ಟಿಯ ಎರಡೂ ತುದಿಯ ಜಾಗ ಕೆರೆದು, ಹೊಸ ಪಟ್ಟಿ ಹಾಕಿ, ಮೇಲೆ ವ್ಯಾಸಲಿನ್ ಸವರಿದರು. ಸೆಲ್ಫ್ ಗರಗರ. ಗಾಡಿ ಮಾತ್ರ ಸ್ಟಾರ್ಟ್ ಆಗಲಿಲ್ಲ.

ನನ್ನ ಮುಖ ಇಳಿಯಿತು. ಕಾಕಾಗೆ ಏನೂ ಅನ್ನಿಸಲಿಲ್ಲ. “ಸೆಲ್ಫ್ ಸ್ಲೋ ಇದ್ದದ್ದು ಪೇಂಟ್ ಹೊಡದ ಮ್ಯಾಲೆ. ಗಾಡಿ ನಿಂತದ್ದು ಪೀರನವಾಡ್ಯಾಗ. ಎರಡೂ ಬ್ಯಾರೆ ಬ್ಯಾರೆ ರೋಗ. ನೀ ಎರಡಕ್ಕೂ ಒಂದs ಔಷಧ ಹುಡಕಾಕ ಹೋಗಿ.” ಮೊದಲು ಕೇಳಿದ ಪ್ರಶ್ನೆಗಳೆಲ್ಲ ಇದಕ್ಕೇ ಅಂತ ಆಗ ತಿಳಿಯಿತು.

ಇಲ್ಲಿಂದ ಮುಂದಿನದು ನನಗೆ ಬಹಳ ಇಷ್ಟವಾದ ಭಾಗ, ಸ್ವಲ್ಪ ಉದ್ದ ಹೇಳುತ್ತೇನೆ. ಕಾಕಾ ಹತ್ತಿರ ಡಿಜಿಟಲ್ ಮೀಟರ್ ಇಲ್ಲ. ಇರುವುದು ಎರಡು ಬಲ್ಬು. ಒಂದು ಪಾರ್ಕಿಂಗ್ ಲೈಟಿನ 5 ವ್ಯಾಟಿನದು, ಇನ್ನೊಂದು ಬ್ರೇಕ್ ಲೈಟಿನ 21 ವ್ಯಾಟಿನದು. ಹೋಲ್ಡರಿಗೆ ವೈರ್ ಬೆಸೆದು, ತುದಿಗೆ ಕ್ಲಿಪ್ಪು, ಇನ್ನೊಂದು ತುದಿಗೆ ಚೂಪು ಮೊಳೆ.

ಚಿಕ್ಕ ಬಲ್ಬಿನ ಒಂದು ತುದಿ ಅರ್ಥಿಗೆ ಹಿಡಿದು, ಇನ್ನೊಂದನ್ನು ಕಾಯಿಲ್ಲಿನ ಪ್ಲಸ್ಸಿಗೆ ಮುಟ್ಟಿಸಿದರು. ಉರಿಯಿತು. ಸೆಲ್ಫ್ ಹೊಡೆಯುವಾಗಲೂ ಉರಿಯುತ್ತಲೇ ಇತ್ತು. ಅಂದರೆ ಚಾವಿ ಸ್ವಿಚ್ಚು ಸರಿ. ಕೆಲವು ಹಳೇ ಸ್ವಿಚ್ಚುಗಳಲ್ಲಿ ಸ್ಟಾರ್ಟಿಗೆ ತಿರುಗಿಸಿದಾಗಲೇ ಕಾಯಿಲ್ಲಿನ ಕರೆಂಟ್ ಹೋಗುತ್ತದೆ. ಅದನ್ನು ಬರೀ ಚಾವಿ ಆನ್ ಮಾಡಿ ನೋಡಿದರೆ ಹಿಡಿಯಲಾಗುವುದಿಲ್ಲ.

ಆಮೇಲೆ ಅದೇ ಬಲ್ಬನ್ನು ಕಾಯಿಲ್ಲಿನ ಮೈನಸ್ಸಿಗೆ ಹಿಡಿದು ಸೆಲ್ಫ್ ಹೊಡೆ ಅಂದರು. ಇಲ್ಲಿ ಬಲ್ಬು ಮಿಣಮಿಣ ಮಾಡಬೇಕು. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಮುಚ್ಚಿದಾಗ ಕರೆಂಟ್ ಅರ್ಥಿಗೆ ಹೋಗಿ ಬಲ್ಬು ಆರುತ್ತದೆ, ತೆರೆದಾಗ ಹತ್ತುತ್ತದೆ. ಬಲ್ಬು ಹತ್ತಲೇ ಇಲ್ಲ ಅಂದರೆ ಪಾಯಿಂಟ್ ಎಲ್ಲೋ ಬಾಡಿಗೆ ತಾಗಿ ಶಾರ್ಟ್ ಆಗಿದೆ, ಇಲ್ಲವೇ ಕಾಯಿಲ್ ಒಳಗೇ ಹರಿದಿದೆ. ಆರಲೇ ಇಲ್ಲ ಅಂದರೆ ಪಾಯಿಂಟ್ ದಾರಿ ಎಲ್ಲೋ ಕಡಿದಿದೆ. ನಮ್ಮದು ಆರಲೇ ಇಲ್ಲ. ಒಂದೇ ಸಮ ಉರಿಯಿತು. ಹೊಸ ಕಾಯಿಲ್, ಹೊಸ ಪ್ಲಗ್, ಹೊಸ ವೈರು, ಹೊಸ ಕ್ಯಾಪು, ಅಷ್ಟೂ ಬೇಡವಾಗಿದ್ದವು ಅಂತ ಆ ಒಂದು ಬಲ್ಬು ಹೇಳಿಬಿಟ್ಟಿತು.

“ಡೆಲ್ಕೋ ಬಿಚ್ಚು” ಅಂದರು. ಡಿಸ್ಟ್ರಿಬ್ಯೂಟರಿಗೆ ಅವರು ಹಾಗೇ ಅನ್ನುವುದು.

ಕ್ಯಾಪ್ ತೆಗೆದು, ಮೊದಲು ಪಾಯಿಂಟಿನ ಮಧ್ಯೆ ಪೆಟ್ರೋಲಿನಲ್ಲಿ ಅದ್ದಿದ ಕಾಗದ ಎಳೆದರು. ಹೊಸ ಪಾಯಿಂಟಿಗೆ ತುಕ್ಕು ಹಿಡಿಯಬಾರದು ಅಂತ ಎಣ್ಣೆ ಸವರಿರುತ್ತಾರಂತೆ. ಒರೆಸದೆ ಹಾಕಿದರೆ ಅದೇ ಅಡ್ಡಿ. ನಾನು ಒರೆಸಿರಲಿಲ್ಲ, ಆದರೆ ನಮ್ಮ ರೋಗ ಅದಾಗಿರಲಿಲ್ಲ. ಗ್ಯಾಪ್ ನೋಡಿದರು, 0.4 ಇತ್ತು. ಅದನ್ನು ಸೆಟ್ ಮಾಡಿದ್ದು ನಾನೇ, ತಪ್ಪಾಗುವ ಮಾತೇ ಇಲ್ಲ.

ಈಗ ದೊಡ್ಡ ಬಲ್ಬು. ಒಂದು ತುದಿ ಬ್ಯಾಟರಿ ಪ್ಲಸ್ಸಿಗೆ. ಇನ್ನೊಂದನ್ನು ಪಾಯಿಂಟಿನ ಸ್ಪ್ರಿಂಗಿಗೇ ಮುಟ್ಟಿಸಿದರು. ಝಗ್ ಅಂತ ಉರಿಯಿತು. ಆಮೇಲೆ ಡಿಸ್ಟ್ರಿಬ್ಯೂಟರಿನ ಹೊರಗಿನ ಟರ್ಮಿನಲ್ಲಿಗೆ ಮುಟ್ಟಿಸಿದರು. ಬಲ್ಬಿನ ತಂತಿ ಕೆಂಪಗೆ ಒಂದಿಷ್ಟು ಮಿನುಗಿ ಆರಿತು. ಈ ಎರಡು ಜಾಗದ ನಡುವೆ ಇರುವುದು ಒಂದೇ. ನಾಲ್ಕು ಬೆರಳು ಉದ್ದದ ಒಂದು ಮೆತ್ತನೆ ವೈರು. ಕಾಕಾ ಅದನ್ನು ಪಕ್ಕಡಿನಲ್ಲಿ ಹಿಡಿದು ಮೆಲ್ಲಗೆ ಎಳೆದರು. ಹೊರಗಿನ ಸಿಪ್ಪೆ ರಬ್ಬರಿನ ಹಾಗೆ ಹಿಗ್ಗಿತು. ಒಳಗೆ ತಾಮ್ರ ಕಡಿದುಹೋಗಿತ್ತು. ಹೊರಗಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಎಕ್ಸಿಲೇಟರ್ ಒತ್ತಿದಾಗ, ಬಿಟ್ಟಾಗ, ಎಂಜಿನ್ನಿನ ಗಾಳಿ ಎಳೆತಕ್ಕೆ ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ ಕೂತಿರುವ ತಟ್ಟೆ ಸ್ವಲ್ಪ ಹಿಂದೆ ಮುಂದೆ ಸರಿಯುತ್ತದೆ. ಪ್ರತಿ ಸಲ ಈ ವೈರೂ ಬಗ್ಗುತ್ತದೆ. 1989ರಿಂದ ಬಗ್ಗಿ ಬಗ್ಗಿ ಎಳೆಗಳು ಒಂದೊಂದಾಗಿ ಹರಿದಿವೆ. ಕೊನೆಯವು ಪೀರನವಾಡಿಯಲ್ಲಿ ಕೈಬಿಟ್ಟವು. ನಾನು ಪಾಯಿಂಟ್ ಬದಲಿಸಿದೆ, ಕಂಡೆನ್ಸರ್ ಬದಲಿಸಿದೆ, ಈ ವೈರನ್ನು ಮಾತ್ರ ಹಳೇದೇ ವಾಪಸ್ ಜೋಡಿಸಿದೆ. ಅದು ಕಿಟ್ಟಿನಲ್ಲಿ ಬರುವುದೂ ಇಲ್ಲ.

ಇದನ್ನೂ ನಾನು ಮೀಟರಿನಲ್ಲಿ ನೋಡಿದ್ದೆ. ಬೀಪ್ ಅಂದಿತ್ತು. ಒಂದೆರಡು ಎಳೆ ಒಂದಕ್ಕೊಂದು ತಾಗಿಕೊಂಡಿದ್ದರೂ ಮೀಟರಿಗೆ ಸಾಕು, ಅದು ಕಳಿಸುವ ಕರೆಂಟ್ ಅಷ್ಟು ಸಣ್ಣದು. 21 ವ್ಯಾಟಿನ ಬಲ್ಬು ಒಂದೂಮುಕ್ಕಾಲು ಆಂಪಿಯರ್ ಕೇಳುತ್ತದೆ. ಕಾಯಿಲ್ ಇನ್ನೂ ಜಾಸ್ತಿ. ಎರಡು ಎಳೆ ಅದನ್ನು ಹೊರುವುದಿಲ್ಲ. ಎರಡು ಸಾವಿರದ ನನ್ನ ಮೀಟರ್ ಒಂದೇ ಗಾಡಿಯಲ್ಲಿ ಎರಡು ಸಲ ನನಗೆ ಸುಳ್ಳು ಹೇಳಿದೆ. ಸುಳ್ಳು ಅನ್ನಬಾರದು, ನಾನು ಕೇಳಿದ ಪ್ರಶ್ನೆಯೇ ತಪ್ಪಿತ್ತು.

ಇದಕ್ಕೆ ಯಾವ ವೈರು ಬೇಕಾದರೂ ಆಗುವುದಿಲ್ಲ. ಸಣ್ಣ ಸಣ್ಣ ಎಳೆ ಜಾಸ್ತಿ ಇರುವ ಮೆತ್ತನೆ ವೈರೇ ಬೇಕು. ಕಾಕಾ ಒಂದು ಡಬ್ಬಿಯಿಂದ ತೆಗೆದು, ಎರಡೂ ತುದಿ ಬೆಸೆದು, ತಟ್ಟೆ ಸರಿಯಲು ಸಡಿಲ ಬಿಟ್ಟು ಕೂರಿಸಿದರು. ಕ್ಯಾಪ್ ಹಾಕಿದರು. ಕಾರ್ಬ್ಯುರೇಟರ್ ಬಾಯಿಗೆ ಅರ್ಧ ಮುಚ್ಚಳ ಪೆಟ್ರೋಲ್ ಹನಿಸಿ, ಬಾಟಲಿ ಮುಚ್ಚಳ ಬಿಗಿದು ದೂರ ಇಟ್ಟು ಬಂದು, ಏರ್ ಫಿಲ್ಟರ್ ವಾಪಸ್ ಹಾಕಿ, ಚಾವಿ ತಿರುಗಿಸು ಅಂದರು.

ಅರ್ಧ ಸುತ್ತಿಗೇ ಹಿಡಿಯಿತು. ಪತ್ರಾಸಿನ ಶೆಡ್ಡೆಲ್ಲ ಅದುರಿತು. ಎಂಜಿನ್ 800 ಸುತ್ತಿಗೆ ಐಡಲ್ ಇದ್ದರೆ ಆ ಪಾಯಿಂಟ್ ನಿಮಿಷಕ್ಕೆ 1600 ಸಲ ತೆರೆದು ಮುಚ್ಚಬೇಕು. ಅಷ್ಟೂ ಕರೆಂಟ್ ಆ ಹತ್ತು ರೂಪಾಯಿ ವೈರಿನ ಮೇಲೇ. ನಾನು ಸ್ಟಿಯರಿಂಗ್ ಹಿಡಿದು ಹಾಗೇ ಕೂತಿದ್ದೆ.

ಇನ್ನು ದೂರುಗಳು. ಇವೆ, ಹೇಳಬೇಕು.

ಎರಡು ನಿಮಿಷ ಆದಮೇಲೆ ಗಾಡಿ ಮತ್ತೆ ನಿಂತಿತು. ಈ ಸಲ ಪೆಟ್ರೋಲ್ ಬರುತ್ತಿಲ್ಲ. “ಅದು ನನ್ನ ಕೆಲಸ ಅಲ್ಲ” ಅಂದರು ಕಾಕಾ, ಕೈ ಒರೆಸಿಕೊಂಡು. ಎಷ್ಟು ಕೇಳಿದರೂ ನೋಡಲಿಲ್ಲ. ಕರೆಂಟ್ ಬಿಟ್ಟು ಬೇರೆ ಏನನ್ನೂ ಮುಟ್ಟುವುದಿಲ್ಲ. ಅಷ್ಟು ದೂರ ಬಂದು ಮತ್ತೆ ಗಾಡಿ ತಳ್ಳಿಕೊಂಡು ಹೋಗುವುದು ಬೇಜಾರಿನ ಕೆಲಸ. ಆಮೇಲೆ ನಾನೇ ಹುಡುಕಿದೆ. ಟ್ಯಾಂಕಿನಿಂದ ಬರುವ ದಾರಿಯಲ್ಲಿ ಒಂದು ತುಂಡು ರಬ್ಬರ್ ಪೈಪ್ ಒಳಗೊಳಗೇ ಬಿರುಕು ಬಿಟ್ಟು, ಪಂಪು ಪೆಟ್ರೋಲ್ ಬದಲು ಗಾಳಿ ಎಳೆಯುತ್ತಿತ್ತು. ಈಗ ಪೆಟ್ರೋಲಿನಲ್ಲಿ 20 ಪರ್ಸೆಂಟ್‌ವರೆಗೆ ಎಥನಾಲ್ ಇರುತ್ತದೆ, 1989ರ ರಬ್ಬರ್ ಅದಕ್ಕೆ ಮಾಡಿದ್ದಲ್ಲ. ಹಳೇ ಗಾಡಿಯವರು ಪೈಪುಗಳನ್ನೆಲ್ಲ ಒಮ್ಮೆ ಬದಲಿಸಿಬಿಡಿ, ಬೆಂಕಿಯ ಭಯವೂ ಇದೆ.

ಅಂಗಡಿ ತೆರೆಯುವುದು ಹನ್ನೊಂದಕ್ಕೆ. ಮುಚ್ಚುವುದು ಅವರಿಗೆ ಬೇಜಾರು ಬಂದಾಗ. ಫೋನ್ ಎತ್ತುವುದಿಲ್ಲ. ಒಂದು ಗಾಡಿ ಒಳಗಿದ್ದರೆ ಎರಡನೆಯದಕ್ಕೆ ಜಾಗ ಇಲ್ಲ, ಮಳೆಯಲ್ಲೇ ನಿಲ್ಲಬೇಕು. ಶೆಡ್ಡು ಎರಡು ಕಡೆ ಸೋರುತ್ತದೆ. ಕೂರಲು ಒಂದೇ ಸ್ಟೂಲು, ಅದು ಅವರದ್ದು. ಮನೆಯವರನ್ನು ಕರೆದುಕೊಂಡು ಹೋಗಬೇಡಿ. ಮಾತು ಖಾರ. ನನ್ನ ವಯಸ್ಸು ನಲವತ್ತೆರಡು, ನನ್ನ ಶಾಪಿನ ಹುಡುಗರ ಮುಂದೆಯೇ ಪೇಂಟಿನ ವಿಷಯಕ್ಕೆ ಮೂರು ಸಲ ಬೈದರು. ಹುಡುಗರು ಈಗಲೂ ಶಾಪಿನಲ್ಲಿ ಬ್ರಶ್ ಕಂಡರೆ ನಗುತ್ತಾರೆ.

ಹೊಸ ಗಾಡಿಗಳನ್ನು ಅವರು ಮುಟ್ಟುವುದಿಲ್ಲ, ಅದು ಒಳ್ಳೆಯದೇ. ಕಂಪ್ಯೂಟರ್ ಇರುವ ಗಾಡಿಯ ವೈರಿಗೆ ಇಂಥ ಬಲ್ಬು ಚುಚ್ಚಿದರೆ ಒಳಗಿನ ಸರ್ಕಿಟ್ ಸುಟ್ಟುಹೋಗಬಹುದು ಅಂತ ಅವರೇ ಹೇಳಿದರು. ಪಾಯಿಂಟ್ ಇರುವ ಹಳೇ ಫಿಯೆಟ್, ಅಂಬಾಸಡರ್, ಜೀಪು, ಹಳೇ ಟ್ರ್ಯಾಕ್ಟರಿನ ಡೈನಮೋ, ಸೆಲ್ಫು, ಇಂಥವು ಇದ್ದರೆ ಹೋಗಿ. ಬೆಳಿಗ್ಗೆ ಹನ್ನೊಂದಕ್ಕೇ ಹೋಗಿ. ಹೋಗುವ ಮುಂಚೆ ಗಾಡಿ ಯಾವಾಗ, ಎಲ್ಲಿ, ಹೇಗೆ ನಿಂತಿತು, ಅದಕ್ಕೂ ಮುಂಚೆ ಏನೇನು ಬಿಚ್ಚಿದಿರಿ ಅಂತ ನೆನಪು ಮಾಡಿಕೊಂಡು ಹೋಗಿ. ಕೇಳೇ ಕೇಳುತ್ತಾರೆ. ಹೊಸ ಪಾರ್ಟು ಹಾಕಿದ್ದರೆ ಹಳೇದನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ನನ್ನ ಹಳೇ ಕಾಯಿಲ್ ಅಳೆಯಿಸಿ ನೋಡಿದೆ, 3.2 ಓಮ್, ಏನೂ ಆಗಿಲ್ಲ. ಈಗ ಅದೇ ಗಾಡಿಯಲ್ಲಿದೆ, ಹೊಸದು ಡಿಕ್ಕಿಯಲ್ಲಿ. ಹಳೇ ಬ್ಯಾಟರಿಯನ್ನು ಮಾತ್ರ ಎಕ್ಸ್‌ಚೇಂಜಿಗೆ ಕೊಟ್ಟುಬಿಟ್ಟಿದ್ದೆ, ಅದರ ನೆನಪು ಬಂದಾಗ ಹೊಟ್ಟೆ ಉರಿಯುತ್ತದೆ.

ಹುಡುಕಿ ಸಿಗದಿದ್ದರೆ ದುಡ್ಡು ಬೇಡ ಅನ್ನುವುದು ಬರೀ ಬಾಯಿಮಾತಲ್ಲ. ಅದೇ ದಿನ ನನ್ನ ವೈಪರ್ ಮೋಟರನ್ನೂ ಮುಕ್ಕಾಲು ಗಂಟೆ ನೋಡಿದರು. ಒಮ್ಮೆ ಓಡುತ್ತದೆ, ಒಮ್ಮೆ ಇಲ್ಲ. ಅವರ ಮುಂದೆ ಹಟ ಹಿಡಿದ ಹಾಗೆ ಓಡುತ್ತಲೇ ಇತ್ತು. ಕೆಟ್ಟಾಗ ಬಾ ಅಂದರು, ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ.

ಹಣ ಸ್ಕ್ಯಾನ್ ಮಾಡಿಯೂ ಕೊಡಬಹುದು. ಸೊಸೆ ಮಾಡಿಕೊಟ್ಟಿದ್ದಾರಂತೆ. ಆದರೆ ಬಂತೋ ಇಲ್ಲವೋ ಅಂತ ಸೊಸೆಗೆ ಫೋನ್ ಮಾಡಿ ಕೇಳುವವರೆಗೂ ನಿಮ್ಮನ್ನು ಬಿಡುವುದಿಲ್ಲ. ರೊಕ್ಕ ಕೈಯಲ್ಲಿ ಒಯ್ಯುವುದೇ ಮೇಲು.

ಖಾನಾಪುರಕ್ಕೆ ಹೋಗಿ ಬಂದೆವು, ಎರಡು ಸಲ. ಎಲ್ಲೂ ನಿಲ್ಲಲಿಲ್ಲ. ಈಗ ಉಳಿದಿರುವುದು ಪೆಟ್ರೋಲ್ ಮುಳ್ಳು. ಟ್ಯಾಂಕ್ ತುಂಬಿದ್ದರೂ ಖಾಲಿ ಅಂತಲೇ ತೋರಿಸುತ್ತದೆ. ಇದು ಕರೆಂಟಿನ ಕೆಲಸ ತಾನೇ, ಹಳೇ ಗಿರಾಕಿ ಅಂತ ಏನಾದರೂ ಕಡಿಮೆ ಮಾಡುತ್ತೀರಾ ಅಂತ ಕೇಳಿದೆ.

“ಏಳ್ನೂರು” ಅಂದರು. “ಟ್ಯಾಂಕಿಗೂ ಪೇಂಟ್ ಹೊಡದಿಯೇನು?”

ಹೊಡೆದಿದ್ದೇನೆ.